ನೋವನ್ನು ನಂಬಿ, ಮಗನನ್ನು ಹೊರಗೆ ಕೂರಿಸಿ

ಪ್ರಶ್ನೆ: ಜರ್ಮನಿಯಲ್ಲಿ ಫ್ಯಾಮಿಲಿ ಡಾಕ್ಟರ್ ಒಬ್ಬರ ಕ್ಲಿನಿಕ್ಕಿನಲ್ಲಿ ತರಬೇತಿಯಲ್ಲಿದ್ದೇನೆ. ಟರ್ಕಿ ಮೂಲದ, ಐವತ್ತು ದಾಟಿದ ಮಹಿಳೆಯೊಬ್ಬರು ತಲೆನೋವು, ಬೆನ್ನುನೋವು ಎಂದು ಮತ್ತೆ ಮತ್ತೆ ಬರುತ್ತಾರೆ. ಪರೀಕ್ಷೆಗಳಲ್ಲಿ ಏನೂ ಸಿಕ್ಕಿಲ್ಲ. ಬೇಸರವಿದೆಯೇ ಎಂದರೆ ಇಲ್ಲ ಎನ್ನುತ್ತಾರೆ, ಮಗನೇ ದುಭಾಷಿ. ಇದು ಖಿನ್ನತೆಯೇ, ಅಥವಾ ನೋವನ್ನು ದೊಡ್ಡದು ಮಾಡುವುದು ಅವರ ಸಂಸ್ಕೃತಿಯೇ?

ಉತ್ತರ: ವಿದೇಶದಲ್ಲಿರುವ ಕನ್ನಡಿಗ ವೈದ್ಯರು ಈ ಪ್ರಶ್ನೆಯನ್ನು ಪದೇಪದೇ ಕಳಿಸುತ್ತಾರೆ, ಅದರ ಕೊನೆಯ ಭಾಗ ನನಗೆ ಪ್ರತಿ ಸಲವೂ ಸಿಟ್ಟು ತರಿಸುತ್ತದೆ. ಜರ್ಮನಿಯ ಆಸ್ಪತ್ರೆಗಳಲ್ಲಿ ಇಂಥ ರೋಗಿಗಳನ್ನು ‘ಮೊರ್ಬುಸ್ ಬೊಸ್ಪೊರಸ್’, ಅಂದರೆ ಇಸ್ತಾಂಬುಲಿನ ಜಲಸಂಧಿಯ ಹೆಸರಿನಲ್ಲಿ ‘ಬೊಸ್ಪೊರಸ್ ರೋಗ’ ಎಂದು ಹೀಯಾಳಿಸುವ ಚಾಳಿಯಿದೆ. ದಯವಿಟ್ಟು ಅದನ್ನು ಕಲಿಯಬೇಡಿ. ವಿಶ್ವ ಆರೋಗ್ಯ ಸಂಸ್ಥೆ 14 ದೇಶಗಳ ಪ್ರಾಥಮಿಕ ಚಿಕಿತ್ಸಾ ಕೇಂದ್ರಗಳಲ್ಲಿ ನಡೆಸಿದ ಅಧ್ಯಯನದಲ್ಲಿ ಅಂಕಾರಾ, ಬರ್ಲಿನ್, ನಮ್ಮ ಬೆಂಗಳೂರು ಮೂರೂ ಇದ್ದವು. 1999ರಲ್ಲಿ ಪ್ರಕಟವಾದ ಅದರ ವಿಶ್ಲೇಷಣೆಯ ಪ್ರಕಾರ, ಖಿನ್ನತೆಯಿದ್ದವರಲ್ಲಿ ಶೇ 69ರಷ್ಟು ಜನ ವೈದ್ಯರ ಬಳಿ ಬಂದಾಗ ಹೇಳಿಕೊಂಡದ್ದು ಬರಿಯ ದೈಹಿಕ ತೊಂದರೆಗಳನ್ನು. ಈ ರೂಢಿ ಹೆಚ್ಚಾಗಿ ಕಂಡದ್ದು ರೋಗಿಗಳಿಗೆ ತಮ್ಮದೇ ಆದ ಖಾಯಂ ವೈದ್ಯರಿಲ್ಲದ ಕೇಂದ್ರಗಳಲ್ಲಿ. ಆದ್ದರಿಂದ ಸಂಸ್ಕೃತಿಯನ್ನು ದೂರುವ ಮೊದಲು, ಆಕೆಯನ್ನು ಪ್ರತಿ ಸಲ ಒಬ್ಬರೇ ವೈದ್ಯರು ನೋಡುತ್ತಿದ್ದಾರೆಯೇ ಎಂದು ವಿಚಾರಿಸಿ.

ಅದೇ ಅಧ್ಯಯನದಲ್ಲಿ, ನೇರವಾಗಿ ಕೇಳಿದಾಗಲೂ ಮನಸ್ಸಿನ ಲಕ್ಷಣಗಳಿಲ್ಲ ಎಂದವರು ಶೇ 11 ಮಾತ್ರ. ನಿಮ್ಮ ರೋಗಿ ‘ಇಲ್ಲ’ ಎಂದದ್ದು ನಿಮ್ಮೆದುರಲ್ಲ, ಮಗನೆದುರು. ಖಿನ್ನತೆಯನ್ನು ಗುರುತಿಸಲು ಬಳಸುವ ಪ್ರಶ್ನಾವಳಿಯಾದ ಪಿಎಚ್‌ಕ್ಯೂ-9ರ ಒಂಬತ್ತನೆಯ ಪ್ರಶ್ನೆ ಸಾಯುವ ಯೋಚನೆಯನ್ನು ಕುರಿತದ್ದು. ಯಾವ ಮಗ ಅದನ್ನು ತಾಯಿಗೆ ಇದ್ದಂತೆ ಕೇಳಿಯಾನು, ಯಾವ ತಾಯಿ ಮಗನಿಗೆ ನಿಜ ಹೇಳಿಯಾಳು? ತರಬೇತಿ ಪಡೆದ ದುಭಾಷಿಯನ್ನು ಫೋನಿನಲ್ಲಾದರೂ ಕರೆಸಿ. ಆಕೆ ಓದಬಲ್ಲವರಾದರೆ ಆ ಪ್ರಶ್ನಾವಳಿಯ ಟರ್ಕಿಷ್ ರೂಪವನ್ನೇ ಕೈಗೆ ಕೊಡಿ.

ಮೊದಲು ನೋವನ್ನು ಕೇಳಿ, ಮೈ ಮುಟ್ಟಿ ನೋಡಿ, ಆಮೇಲೆ ನಿದ್ದೆ, ಹಸಿವು, ಮನೆಗೆಲಸದತ್ತ ಬನ್ನಿ. 1961ರ ಅಕ್ಟೋಬರ್ 30ರಂದು ಪಶ್ಚಿಮ ಜರ್ಮನಿ ಮತ್ತು ಟರ್ಕಿ ಮಾಡಿಕೊಂಡ ಕಾರ್ಮಿಕರ ಒಪ್ಪಂದದ ನಂತರ ದುಡಿಯಲು ಬಂದವರೂ ಅವರ ಹಿಂದೆ ಬಂದ ಕುಟುಂಬದವರೂ ಇಂದಲ್ಲ ನಾಳೆ ಊರಿಗೆ ಮರಳುತ್ತೇವೆಂದೇ ಎಷ್ಟೋ ವರ್ಷ ಕಳೆದವರು. ಆಕೆ ಕೊನೆಯ ಸಲ ಊರಿಗೆ ಹೋದದ್ದು ಯಾವಾಗ, ಅಲ್ಲಿ ಯಾರು ತೀರಿಕೊಂಡರು ಎಂದು ಕೇಳಿದರೆ, ‘ಬೇಸರವಿದೆಯೇ’ ಎಂಬ ಪ್ರಶ್ನೆಗೆ ಸಿಗದ ಉತ್ತರ ಸಿಗಬಹುದು. ‘ನಿಮಗೇನೂ ಆಗಿಲ್ಲ’ ಎಂದು ಮಾತ್ರ ಎಂದಿಗೂ ಹೇಳಬೇಡಿ.

ಪ್ರಶ್ನೆ: ವಿಟಮಿನ್ ಡಿ ಕೊಟ್ಟರೆ ಸಾಲದೇ?

ಉತ್ತರ: ಕೊರತೆಯಿದ್ದರೆ ಕೊಡಿ; ಅದು ಖಿನ್ನತೆಯ ಚಿಕಿತ್ಸೆಯಲ್ಲ.

ಪ್ರಶ್ನೆ: ರೋಗಿ ಹೋಜಾ (ಮುಸ್ಲಿಂ ಧರ್ಮಗುರು) ಬಳಿ ತಾಯಿತ ಕಟ್ಟಿಸಿಕೊಂಡಿದ್ದಾರೆ. ತಡೆಯಬೇಕೇ?

ಉತ್ತರ: ತಾಯಿತ ಇರಲಿ. ಆದರೆ ಮಾತ್ರೆ ನಿಲ್ಲಿಸು ಎನ್ನುವವನು, ಮೈಮೇಲೆ ಬಂದ ಜಿನ್ (ಭೂತ) ಬಿಡಿಸುತ್ತೇನೆಂದು ಹಣ ಕೀಳುವವನು ವಂಚಕ, ಅದನ್ನು ಮನೆಯವರಿಗೆ ಮುಚ್ಚುಮರೆಯಿಲ್ಲದೆ ಹೇಳಿ.

ಪ್ರಶ್ನೆ: ರಂಜಾನ್ ಉಪವಾಸದಲ್ಲಿ ಮಾತ್ರೆ ಹೇಗೆ?

ಉತ್ತರ: ದಿನಕ್ಕೊಂದೇ ನುಂಗುವ ಖಿನ್ನತೆಯ ಮಾತ್ರೆಯನ್ನು ಸಾಮಾನ್ಯವಾಗಿ ಇಫ್ತಾರ್ ನಂತರಕ್ಕೆ ಸರಿಸಬಹುದು. ಲಿಥಿಯಂ ಎಂಬ ಮನೋರೋಗದ ಔಷಧ ತೆಗೆದುಕೊಳ್ಳುವವರ ಮಾತು ಬೇರೆ: ದೇಹದಲ್ಲಿ ನೀರು ಕಡಿಮೆಯಾದರೆ ರಕ್ತದಲ್ಲಿ ಅದರ ಮಟ್ಟ ಏರಿ ಅಪಾಯವಾದೀತು, ಹಾಗಾಗಿ ಉಪವಾಸಕ್ಕೆ ಮೊದಲೇ ಮನೋವೈದ್ಯರನ್ನು ಕಾಣಲಿ.