ಬಿದ್ದ ಮರದ ಖರ್ಚು ಯಾರದು?

ಶಿವಮೊಗ್ಗ ಜಿಲ್ಲೆಯ ಓದುಗರೊಬ್ಬರು ಬರೆದ ಪತ್ರದ ಸಾರ ಹೀಗಿದೆ: ಮೇ ತಿಂಗಳ ಗಾಳಿಮಳೆಗೆ ಪಕ್ಕದ ಮನೆಯವರ ಹಲಸಿನ ಮರ ಬುಡಸಮೇತ ಮಗುಚಿ, ಇವರ ಕಾಂಪೌಂಡ್ ಗೋಡೆ ಕುಸಿದು, ಕಾರು ಜಖಂ ಆಯಿತು. ದಾರಿ ಬಿಡಿಸಿಕೊಳ್ಳಲು ಇವರೇ ಮರ ಕೊಯ್ಯುವವರನ್ನು ಕರೆಸಿ 14,000 ರೂಪಾಯಿ ಕೊಟ್ಟರು. 'ಗಾಳಿ ಬೀಸಿದರೆ ನಾನೇನು ಮಾಡಲಿ' ಎಂದ ನೆರೆಯವರು, ಮೂರನೆಯ ದಿನ ಪಿಕಪ್ ತಂದು ದಿಮ್ಮಿಗಳನ್ನೆಲ್ಲ ಸಾಗಿಸಿಕೊಂಡು ಹೋದರು. ಕೊಟ್ಟ ಹಣ ವಾಪಸು ಕೇಳಬಹುದೇ ಎಂಬುದು ಪ್ರಶ್ನೆ.

ಮಾನ್ಯರೇ,

ಕೇಳಬಹುದು. ಆದರೆ 'ಮರ ಅವರದು, ಆದ್ದರಿಂದ ನಷ್ಟವೂ ಅವರದು' ಎಂಬ ಒಂದೇ ಆಧಾರ ಸಾಲದು. ಗಟ್ಟಿಮುಟ್ಟಾಗಿದ್ದ ಮರವನ್ನು ಯಾರೂ ನಿರೀಕ್ಷಿಸದಂಥ ಬಿರುಗಾಳಿ ಕೆಡವಿದರೆ, ಮಾಲೀಕನ ತಪ್ಪಿಲ್ಲದೆ ಆದ ಆ ನಷ್ಟವನ್ನು ನ್ಯಾಯಾಲಯ ಸುಲಭವಾಗಿ ಅವನ ತಲೆಗೆ ಕಟ್ಟುವುದಿಲ್ಲ. ಮರ ಅಪಾಯದಲ್ಲಿದೆ ಎಂಬುದು ಅವನಿಗೆ ತಿಳಿದಿತ್ತೇ, ತಿಳಿದಿರಬೇಕಿತ್ತೇ ಎಂಬುದರ ಮೇಲೆ ಎಲ್ಲವೂ ನಿಂತಿದೆ. 1964ರಲ್ಲಿ ದೆಹಲಿಯ ರಸ್ತೆಯೊಂದರಲ್ಲಿ ಸ್ಕೂಟರ್ ಸವಾರನ ತಲೆಯ ಮೇಲೆ ಮರದ ಕೊಂಬೆ ಮುರಿದು ಬಿದ್ದು ಆತ ತೀರಿಕೊಂಡ ಪ್ರಕರಣದಲ್ಲಿ, ಒಣಗಿ ನಿಂತಿದ್ದ ಮರವನ್ನು ಕಾಲಕಾಲಕ್ಕೆ ಪರೀಕ್ಷಿಸಿ ತೆಗೆಸದೆ ಬಿಟ್ಟದ್ದೇ ನಿರ್ಲಕ್ಷ್ಯವೆಂದು ಸುಪ್ರೀಂ ಕೋರ್ಟ್ 1999ರಲ್ಲಿ ದೆಹಲಿ ನಗರಪಾಲಿಕೆಯ ಹೊಣೆಯನ್ನು ಎತ್ತಿಹಿಡಿಯಿತು. ಆ ಕುಟುಂಬ ಎಷ್ಟು ವರ್ಷ ಕಾಯಬೇಕಾಯಿತು ಎಂಬುದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಈ ದೃಷ್ಟಿಯಿಂದ ನೀವು ಕಳುಹಿಸಿದ ಎರಡನೆಯ ಫೋಟೋ ಬಹಳ ಮುಖ್ಯವಾದದ್ದು. ಮೇಲೆದ್ದ ಬುಡದ ಒಳಗೆ ಅಂಗೈ ತೂರುವಷ್ಟು ಟೊಳ್ಳು ಕಾಣುತ್ತದೆ, ಬೇರುಗಳು ಕಪ್ಪಾಗಿ ಹುಡಿಯಾಗಿವೆ, ತೊಗಟೆಗೆ ಅಣಬೆ ಕಚ್ಚಿಕೊಂಡಿದೆ. ಒಂದೇ ರಾತ್ರಿಯ ಗಾಳಿಗೆ ಹೀಗಾಗುವುದಿಲ್ಲ. ಎರಡು ವರ್ಷದ ಹಿಂದೆ 'ಮರ ವಾಲುತ್ತಿದೆ' ಎಂದು ನೀವು ಎಚ್ಚರಿಸಿದಾಗ ಅವರು 'ಈ ಸಲದ ಹಣ್ಣು ಮುಗಿಯಲಿ' ಎಂದರೆಂದು ಬರೆದಿದ್ದೀರಿ. ಅದು ಬಾಯಿಮಾತಿನಲ್ಲೇ ಉಳಿದದ್ದು ನಿಮ್ಮ ದುರದೃಷ್ಟ. ಆಗ ಜತೆಗಿದ್ದವರು ಯಾರಾದರೂ ಇದ್ದರೆ ಅವರ ಹೇಳಿಕೆಯನ್ನು ಈಗಲೇ ಬರೆಸಿಟ್ಟುಕೊಳ್ಳಿ.

ದಿಮ್ಮಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತವಾಗಿದೆ. ಮರ ನಿಮ್ಮ ಅಂಗಳಕ್ಕೆ ಬಿದ್ದ ಮಾತ್ರಕ್ಕೆ ನಿಮ್ಮದಾಗುವುದಿಲ್ಲ, ಆದ್ದರಿಂದ ಅವರು ಒಯ್ದದ್ದು ತಪ್ಪಲ್ಲ. ಆದರೆ ಹಲಸಿನ ನಾಟಾಕ್ಕೆ ಒಳ್ಳೆಯ ಬೆಲೆಯಿದೆ, ಅದನ್ನು ತನ್ನದೆಂದು ಹೇರಿಕೊಂಡು ಹೋದವರು ಅದನ್ನೇ ಕೊಯ್ಯಿಸಿದ ಕೂಲಿ ಮಾತ್ರ ತಮಗೆ ಸೇರಿದ್ದಲ್ಲ ಎನ್ನುವುದು ಯಾವ ನ್ಯಾಯಕ್ಕೂ ಹೊಂದುವುದಿಲ್ಲ. ಗೋಡೆಯ ನಷ್ಟದ ವಾದ ಹೇಗೇ ಸಾಗಲಿ, ಈ 14,000 ರೂಪಾಯಿಯನ್ನು ಬೇರೆಯಾಗಿಯೇ ಕೇಳಿ. ಕೊಯ್ದವರಿಂದ ಸಹಿ ಮಾಡಿದ ರಸೀದಿ ಪಡೆಯಿರಿ.

ಕಾರಿಗೆ ಥರ್ಡ್ ಪಾರ್ಟಿ ವಿಮೆಯಷ್ಟೇ ಇದ್ದರೆ ಏನೂ ಸಿಗದು. ಪೂರ್ಣ ವಿಮೆಯಿದ್ದರೆ ಬಿರುಗಾಳಿಯ ಹಾನಿಯೂ ಅದರಲ್ಲಿ ಸೇರುತ್ತದೆ. ರಿಪೇರಿಗೆ ಕೈಹಾಕುವ ಮೊದಲು ಕಂಪನಿಗೆ ತಿಳಿಸಿ.

ಇಷ್ಟು ಮೊತ್ತಕ್ಕೆ ನೇರವಾಗಿ ದಾವೆ ಹೂಡಿದರೆ ವಕೀಲರ ಫೀಸೇ ಅದನ್ನು ಮೀರಬಹುದು. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಟ್ಟರೆ, ದಾವೆಗೂ ಮುಂಚೆಯೇ ವ್ಯಾಜ್ಯವನ್ನು ಲೋಕ ಅದಾಲತ್ತಿಗೆ ಒಯ್ಯಬಹುದು. ಅಲ್ಲಿ ಆದ ರಾಜಿಗೆ ಸಿವಿಲ್ ನ್ಯಾಯಾಲಯದ ಡಿಕ್ರಿಯ ಬಲವಿರುತ್ತದೆ. ಗೋಡೆಯಾಚೆ ದಿನವೂ ಮುಖ ನೋಡಬೇಕಾದವರಿಗೆ ಅದೇ ಒಳ್ಳೆಯ ದಾರಿ.

ಪತ್ರದ ಕೊನೆಯಲ್ಲಿ, ಅವರ ಮಾವಿನ ಮರವೂ ನಿಮ್ಮ ಮಕ್ಕಳು ಆಡುವ ಜಾಗದತ್ತ ವಾಲಿದೆ ಎಂದು ಒಂದೇ ಸಾಲಿನಲ್ಲಿ ಬರೆದಿದ್ದೀರಿ. ನನಗೆ ಆ ಸಾಲೇ ಹೆಚ್ಚು ಕಳವಳ ತಂದಿತು. ಮರ ಕಡಿಯಲು ಅನುಮತಿ ಸಿಗುವುದಿಲ್ಲ ಎಂಬ ನೆಪ ಅವರಿಂದ ಬಂದರೆ, 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆಯ 8ನೆಯ ಸೆಕ್ಷನ್ ತೋರಿಸಿ: ಜೀವಕ್ಕೋ ಆಸ್ತಿಗೋ ಅಪಾಯ ತರುವ ಮರಕ್ಕೆ ವೃಕ್ಷ ಅಧಿಕಾರಿ ಅನುಮತಿ ನಿರಾಕರಿಸುವಂತಿಲ್ಲ. ಅವರು ಆಗಲೂ ಅಲುಗಾಡದಿದ್ದರೆ, ಬೀಳುವಂತಿರುವ ಮರವನ್ನು ತೆಗೆಸಲು ಇಲ್ಲವೇ ಆಸರೆ ಕೊಡಿಸಲು ಆದೇಶಿಸುವ ಅಧಿಕಾರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೆಯ ಸೆಕ್ಷನ್ನಿನಡಿ ಉಪವಿಭಾಗೀಯ ದಂಡಾಧಿಕಾರಿಗಳಿಗಿದೆ. ಮೊದಲು ಫೋಟೋ ಸಮೇತ ನೆರೆಯವರಿಗೊಂದು ರಿಜಿಸ್ಟರ್ಡ್ ಪತ್ರ ಹಾಕಿ, ಪ್ರತಿಯನ್ನು ಸ್ಥಳೀಯ ಸಂಸ್ಥೆಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಮುಂಗಾರು ಜೋರಾಗುವ ಮೊದಲೇ, ಈ ವಾರವೇ ಮಾಡಿ. ಅಲ್ಲಿಯವರೆಗೆ ಮಕ್ಕಳನ್ನು ಆ ಕಡೆ ಆಡಲು ಬಿಡಬೇಡಿ.

— ಸಂಪಾದಕ