ಆ ಎರಡು ನಾಯಿಗಳ ಬಗ್ಗೆ ಒಂದು ಮಾತೂ ಇಲ್ಲವಲ್ಲ!

ಮೈಸೂರಿನ ಕುವೆಂಪುನಗರದ ಓದುಗರೊಬ್ಬರ ಪತ್ರ: "ನಾಯಿ, ಬೆಕ್ಕುಗಳ ಮರಿ ಮಾಡಿಸಿ ಮಾರುವವರ ಮೇಲೆ ರಾಜ್ಯ ಸರ್ಕಾರ ಬಿಗಿ ಕಾನೂನು ತರಬೇಕೆಂದು ಬರೆದಿದ್ದೀರಿ. ನಮ್ಮ ಪಕ್ಕದ ಮನೆಯಾಕೆ ಎರಡು ಲ್ಯಾಬ್ರಡಾರ್ ಸಾಕಿ, ಮರಿ ಮಾರಿದ ದುಡ್ಡಿನಲ್ಲಿ ಮಗನ ಕಾಲೇಜು ಶುಲ್ಕ ಕಟ್ಟುತ್ತಾರೆ. ಕಾನೂನು ಬಂದರೆ ಲಾಭ ಅಧಿಕಾರಿಗಳಿಗೆ, ಕಷ್ಟ ಇಂಥವರಿಗೆ. ಇರುವ ಕಾನೂನು ಸಾಲದೆ?"

ಮಾನ್ಯರೇ, ಪರವಾನಗಿ ಎಂದೊಡನೆ ಕೈಚಾಚುವವರೂ ಹುಟ್ಟಿಕೊಳ್ಳುತ್ತಾರೆ ಎಂಬ ನಿಮ್ಮ ಆತಂಕ ಸುಳ್ಳಲ್ಲ. ಆದರೆ ಇಷ್ಟುದ್ದದ ಪತ್ರದಲ್ಲಿ ಆ ಎರಡು ನಾಯಿಗಳು ಹೇಗಿವೆ ಎಂಬ ಒಂದು ಮಾತೂ ಇಲ್ಲ. ನನಗೆ ನೋವಾದದ್ದು ಅಲ್ಲಿ.

ಎರಡು ವರ್ಷದ ಹಿಂದೆ ಅಕ್ಕನ ಮಗನಿಗೆ ಮರಿ ಕೊಡಿಸಲು ರಿಂಗ್ ರಸ್ತೆಯಾಚೆಯ ಮನೆಯೊಂದಕ್ಕೆ ಹೋಗಿದ್ದೆ. ವರಾಂಡದಲ್ಲಿ ಹೊಸ ಟವೆಲ್ಲಿನ ಮೇಲೆ ಮರಿಗಳು; ಮೈಗೆ ಪೌಡರ್ ಬೇರೆ ಹಚ್ಚಿದ್ದರು. ತಾಯಿಯನ್ನು ತೋರಿಸಿ ಎಂದರೆ, "ಅದು ಕಚ್ಚುತ್ತದೆ ಸಾರ್" ಎಂದರು. ಪಟ್ಟು ಹಿಡಿದು ಮಹಡಿ ಹತ್ತಿದೆ. ಕಾದ ತಗಡಿನ ಕೆಳಗೆ ತಂತಿಬಲೆಯ ಬೋನು. ಕತ್ತರಿಸದ ಉಗುರುಗಳು ಒಳಕ್ಕೆ ಸುತ್ತಿಕೊಂಡಿದ್ದವು, ಜೋತ ಮೊಲೆಗಳು ನೆಲಕ್ಕೆ ಉಜ್ಜಿ ಕೆಂಪಾಗಿದ್ದವು. ಆ ನಾಯಿ ಕಚ್ಚುವುದಿರಲಿ, ಏಳಲೂ ಇಲ್ಲ; ನಾನು ಚಾಚಿದ ಬೆರಳನ್ನು ಮಲಗಿದಲ್ಲಿಂದಲೇ ನೆಕ್ಕಿತು. ಇದು ಎಷ್ಟನೆಯ ಸೂಲು ಎಂದು ಕೇಳಿದೆ. "ಲೆಕ್ಕ ಇಟ್ಟಿಲ್ಲ" ಎಂದರು.

ಲೆಕ್ಕ ಇಡಲೇಬೇಕು ಎನ್ನುತ್ತದೆ, ನಾಯಿಮರಿ ಮಾಡಿಸಿ ಮಾರುವವರಿಗಾಗಿ ಕೇಂದ್ರ ತಂದ 2017ರ ನಿಯಮ. ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿಯಾಗಬೇಕು. 18 ತಿಂಗಳು ತುಂಬದ ಹೆಣ್ಣಿಗೆ ಮರಿ ಮಾಡಿಸಬಾರದು. ವರ್ಷಕ್ಕೆ ಒಂದೇ ಸೂಲು, ಜೀವಮಾನಕ್ಕೆ ಐದೇ. ಮರಿಗೆ 8 ವಾರವಾಗದೆ ಮಾರುವಂತಿಲ್ಲ. ಎಲ್ಲವೂ ಸರಿಯೇ. ಆದರೆ ಪ್ರಾಣಿಯನ್ನು ಹಿಂಸಿಸಿದ ಮೊದಲ ತಪ್ಪಿಗೆ ಕೇಂದ್ರದ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಹೇಳುವ ದಂಡ 10ರಿಂದ 50 ರೂಪಾಯಿ! ಒಂದು ಮರಿಗೆ ಸಾವಿರಗಟ್ಟಲೆ ಎಣಿಸಿಕೊಳ್ಳುವವನು ಇದಕ್ಕೆ ಹೆದರುತ್ತಾನೆಯೇ? ಬೆಕ್ಕಿನ ಪಾಡಂತೂ ಇನ್ನೂ ಕಷ್ಟ. 2017ರ ನಿಯಮ ಇರುವುದು ನಾಯಿಗಳಿಗೆ ಮಾತ್ರ.

ಕೇಂದ್ರದ ಕಾಯ್ದೆಗೆ ರಾಜ್ಯವೇನು ಮಾಡೀತು ಎನ್ನಬೇಡಿ. ಕಂಬಳ ಉಳಿಸಲು ಇದೇ 1960ರ ಕಾಯ್ದೆಗೆ ನಮ್ಮ ವಿಧಾನಸಭೆ 2017ರಲ್ಲಿ ತಿದ್ದುಪಡಿ ತಂದಿತು, ರಾಷ್ಟ್ರಪತಿಗಳ ಅಂಕಿತವೂ ಬಿತ್ತು, 2023ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಕೋಣದ ಓಟಕ್ಕಾಗಿ ಅಷ್ಟು ಓಡಾಡಿದ ಸದನ, ಬೋನಿನಲ್ಲಿ ಸವೆಯುವ ತಾಯಿನಾಯಿಗಾಗಿ ಒಂದು ದಿನ ಕೂರಬಾರದೆ? ದಂಡ ಏರಲಿ, ಬೆಕ್ಕೂ ಸೇರಲಿ, ನೋಂದಣಿ ಸಂಖ್ಯೆಯಿಲ್ಲದೆ ಮರಿಯ ಜಾಹೀರಾತು ಹಾಕುವಂತಿಲ್ಲ ಎಂದಾಗಲಿ. ನಿಮ್ಮ ಪಕ್ಕದ ಮನೆಯಾಕೆ ಚೆನ್ನಾಗಿ ಸಾಕುತ್ತಿದ್ದರೆ ಈ ಕಾನೂನು ಅವರ ಪರವಾಗಿಯೇ ನಿಲ್ಲುತ್ತದೆ. ಅವರ ಮರಿಯ ಬೆಲೆ ಕೆಡಿಸುತ್ತಿರುವವನು ತಗಡಿನ ಕೆಳಗೆ ಬೋನಿಟ್ಟ ಅಂಥವನೇ ತಾನೆ?

ತಪ್ಪು ಕೊಳ್ಳುವ ನಮ್ಮದೂ ಹೌದು. ಮಂಡ್ಯದ ರೈತ ಜಾತ್ರೆಯಲ್ಲಿ ಹಳ್ಳಿಕಾರ್ ಹೋರಿಯ ಹಲ್ಲು ನೋಡಿ, ಸುಳಿ ನೋಡಿ, ಯಾರ ಕೊಟ್ಟಿಗೆಯದು ಎಂದು ವಿಚಾರಿಸದೆ ಹಗ್ಗ ಹಿಡಿಯುವುದಿಲ್ಲ. ಓದಿದ ನಾವು ಮೊಬೈಲಿನಲ್ಲಿ ಫೋಟೋ ನೋಡಿ ಹಣ ಕಳಿಸುತ್ತೇವೆ. ಹಿಮದ ನಾಡಿನ ಹಸ್ಕಿಯನ್ನು ಏಪ್ರಿಲ್ ಬಿಸಿಲಿಗೆ ತಂದು, ಕೂದಲು ಉದುರುತ್ತದೆಂದು ಬೇಸರಪಡುತ್ತೇವೆ. ಜಗಲಿಯ ನಾಯಿಗೆ ಒಂದು ತುತ್ತು ಮುದ್ದೆ ತೆಗೆದಿಟ್ಟೇ ಉಣ್ಣುತ್ತಿದ್ದ ಮನೆಗಳಿಂದ ಬಂದವರು ನಾವು.

ನೀವು ನೆರೆಯವರ ಕಷ್ಟಕ್ಕೆ ಮರುಗುವವರು. ಅದಕ್ಕೇ ಇಷ್ಟು ಬರೆದೆ. ಒಮ್ಮೆ ಪಕ್ಕದ ಮನೆಗೆ ಹೋಗಿ ಬನ್ನಿ. ಆ ಎರಡು ನಾಯಿಗಳ ಹೆಸರೇನು, ವಯಸ್ಸೆಷ್ಟು, ಇದು ಎಷ್ಟನೆಯ ಸೂಲು, ಕೇಳಿ ಬರೆಯಿರಿ. ಆ ಪತ್ರವನ್ನೂ ಪ್ರಕಟಿಸುತ್ತೇನೆ.

—ಸಂಪಾದಕ