ಎಣಿಕೆಗೆ ಸಿಗದವರು

ಶಿರಸಿಯ ನಿವೃತ್ತ ಗಣಿತ ಮೇಷ್ಟ್ರೊಬ್ಬರು ಬರೆದಿದ್ದಾರೆ: “ಕೊರೊನಾ ರೋಗಿ ಎಂದರೆ ಯಾರು ಎಂಬ ವ್ಯಾಖ್ಯೆಯನ್ನೇ 2020ರ ಫೆಬ್ರುವರಿಯಲ್ಲಿ ಚೀನಾದ ಹುಬೈ ಪ್ರಾಂತ್ಯ ಬದಲಿಸಿತು. ಒಂದೇ ದಿನಕ್ಕೆ 14,840 ಹೊಸ ಪ್ರಕರಣ! ನಡುವೆ ಅಳತೆಗೋಲು ಬದಲಿಸಿದರೆ ಅದನ್ನು ಲೆಕ್ಕ ಅನ್ನುತ್ತಾರೆಯೇ?”

ಮೇಷ್ಟ್ರೇ, ಅಳತೆಗೋಲು ಬದಲಾದರೆ ನಿನ್ನೆಯ ಅಂಕಿಗೂ ಇವತ್ತಿನದಕ್ಕೂ ತಾಳೆಯಾಗುವುದಿಲ್ಲ, ಒಪ್ಪಿದೆ. ಹೊಸ ವ್ಯಾಖ್ಯೆಯಂತೆ ಲ್ಯಾಬ್ ಪರೀಕ್ಷೆ ಇಲ್ಲದೆಯೂ ಎಣಿಸಿದರೆ ಸಾಧಾರಣ ಫ್ಲೂ ಬಂದವರೂ ಪಟ್ಟಿ ಸೇರುತ್ತಾರೆ, ಅದೂ ಸರಿ. ಆದರೆ ಆ 14,840ರಲ್ಲಿ 13,332 ಮಂದಿ ಲಕ್ಷಣ ಮತ್ತು ಸಿಟಿ ಸ್ಕ್ಯಾನ್ ನೋಡಿ ವೈದ್ಯರು ಗುರುತಿಸಿದವರು. ಹಿಂದಿನ ದಿನವೂ ಅವರು ಉಸಿರಿಗೆ ಒದ್ದಾಡುತ್ತಲೇ ಇದ್ದರು. ಲೆಕ್ಕದಲ್ಲಿ ಇರಲಿಲ್ಲ, ಅಷ್ಟೇ. ಇಷ್ಟು ವರ್ಷ ಮಕ್ಕಳ ಹಾಜರಿ ಕರೆದ ನಿಮಗೆ ಇದು ಹೊಳೆಯಬೇಕಿತ್ತು. ಆ ವಿಶಾಲ ವ್ಯಾಖ್ಯೆ ಮೊದಲಿನಿಂದಲೇ ಇದ್ದು, ಸಾಕಷ್ಟು ಪರೀಕ್ಷೆಯೂ ಆಗಿದ್ದರೆ ಫೆಬ್ರುವರಿ 20ರ ಹೊತ್ತಿಗೆ ಚೀನಾದ ಸಂಖ್ಯೆ 55,508 ಅಲ್ಲ, 2.32 ಲಕ್ಷ ಆಗಿರುತ್ತಿತ್ತು ಎಂದು ಹಾಂಗ್‌ಕಾಂಗ್‌ನ ಸಂಶೋಧಕರು ಅಂದಾಜಿಸಿದರು.

ನಮ್ಮಲ್ಲೂ ಹೀಗೇ ಆಯಿತು. ವಿದೇಶದಿಂದ ಬಂದವರು, ಅವರ ಸಂಪರ್ಕದಲ್ಲಿದ್ದವರು: ಮೊದಮೊದಲು ಪರೀಕ್ಷೆ ಇವರಿಗೆ ಮಾತ್ರ. ತೀವ್ರ ಉಸಿರಾಟದ ತೊಂದರೆಯಿಂದ ಆಸ್ಪತ್ರೆ ಸೇರಿದವರನ್ನೆಲ್ಲ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಪರೀಕ್ಷೆಯ ವ್ಯಾಪ್ತಿಗೆ ತಂದದ್ದು 2020ರ ಮಾರ್ಚ್ 20ರಂದು. ವಾರ ಕಳೆಯುವುದರೊಳಗೆ ನಂಜನಗೂಡಿನ ಔಷಧ ಕಾರ್ಖಾನೆಯಲ್ಲಿ ಸೋಂಕು ಕಾಣಿಸಿತು. ಅಲ್ಲಿ ಮೊದಲು ಪತ್ತೆಯಾದವರು ವಿದೇಶಕ್ಕೆ ಹೋದವರೇ ಅಲ್ಲ.

ನನ್ನ ಚಿಕ್ಕಪ್ಪನ ವಿಷಯ ಹೇಳುತ್ತೇನೆ. 2021ರ ಏಪ್ರಿಲ್. ಎದೆಯ ಸ್ಕ್ಯಾನ್ ನೋಡಿದ ಡಾಕ್ಟರು “ಇದು ಕೋವಿಡ್ಡೇ” ಅಂದರು. ಗಂಟಲ ದ್ರವದ ವರದಿ ನೆಗೆಟಿವ್. ಒಂದು ದೊಡ್ಡ ಆಸ್ಪತ್ರೆಯ ಕೋವಿಡ್ ವಾರ್ಡಿನವರು ವರದಿ ನೋಡಿ ಬೇಡವೆಂದರು, ಸಾಮಾನ್ಯ ವಾರ್ಡಿನವರು ಕೆಮ್ಮು ಕೇಳಿ ಬೇಡವೆಂದರು. ಆಂಬುಲೆನ್ಸಿನಲ್ಲೇ ಐದು ಗಂಟೆ ಕಳೆಯಿತು. ಕೊನೆಗೆ ಸೇರಿಸಿಕೊಂಡದ್ದು ಒಂದು ಸಣ್ಣ ನರ್ಸಿಂಗ್ ಹೋಂ. ಮೂರನೇ ದಿನ ಹೋಗಿಬಿಟ್ಟರು. ಪಾಸಿಟಿವ್ ವರದಿ ಇಲ್ಲದಿದ್ದರೂ ಆಸ್ಪತ್ರೆಗೆ ಸೇರಿಸಿಕೊಳ್ಳಿ ಎಂದು ಕೇಂದ್ರದ ಆರೋಗ್ಯ ಸಚಿವಾಲಯ ಹೇಳಿದ್ದು ಮೇ 8ಕ್ಕೆ.

ರೋಗಿಯ ಕೈ ಹಿಡಿದು ನೋಡಿದವರ ಮಾತಿಗೆ ಬೆಲೆಯಿಲ್ಲದ ಈ ಚಾಳಿ ಆಸ್ಪತ್ರೆಗಷ್ಟೇ ಅಂಟಿದ್ದಲ್ಲ. ಬರಗಾಲದಲ್ಲಿ ನೋಡಿ: ಬೆಳೆನಷ್ಟ ಶೇ 33 ಮುಟ್ಟದಿದ್ದರೆ ರೈತನಿಗೆ ಇನ್‌ಪುಟ್ ಸಬ್ಸಿಡಿ, ಅಂದರೆ ಬೀಜ-ಗೊಬ್ಬರದ ಖರ್ಚಿಗೆ ಸರ್ಕಾರದ ನೆರವು, ಇಲ್ಲ. ಹೊಲದ ಬದುವಿನಲ್ಲಿ ನಿಂತವನಿಗೆ ಕಣ್ಣಿಗೆ ಹೊಡೆಯುವ ನಷ್ಟ ಕಾಗದಕ್ಕೆ ಬರುವಾಗ ಮೂವತ್ತೋ ಮೂವತ್ತೊಂದೋ ಆಗಿಬಿಟ್ಟರೆ ಅವನು ಯಾರನ್ನು ಕೇಳಬೇಕು?

ಚಿಕ್ಕಪ್ಪನ ಮರಣ ಪ್ರಮಾಣಪತ್ರದಲ್ಲಿ ಬರೀ ‘ನ್ಯುಮೋನಿಯಾ’ ಎಂದಿತ್ತು. ಆಸ್ಪತ್ರೆಯಲ್ಲಿ ವೈದ್ಯರು ತಪಾಸಣೆಯಿಂದ ಗುರುತಿಸಿದ್ದರೂ ಕೋವಿಡ್ ಸಾವೇ ಎಂಬ ಮಾರ್ಗಸೂಚಿ ಬಂದದ್ದು ಆ ಸೆಪ್ಟೆಂಬರಿನಲ್ಲಿ. ಐವತ್ತು ಸಾವಿರದ ಪರಿಹಾರಕ್ಕೆ ಚಿಕ್ಕಮ್ಮ ಅರ್ಜಿ ಹಾಕಿದಾಗ ಕೈಹಿಡಿದದ್ದು ನರ್ಸಿಂಗ್ ಹೋಂ ಡಾಕ್ಟರು ಕೇಸ್ ಶೀಟಿನಲ್ಲಿ ಬರೆದಿಟ್ಟಿದ್ದ ಒಂದೂವರೆ ಸಾಲು.